ದೀಪ ಹಚ್ಚುವ ಹೊತ್ತು

ಗುಂಜಿ ಬಿಡುವ ದಿನ ನಮ್ಮಾಕಿ ನನ್ನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು.

"ಅಲ್ಲಿ ಮುಟ್ಟಿದ ಮರುದಿನ, ನಾ ಇಲ್ಲೆ ದೀಪಾ ಹಚ್ಚೂ ಹೊತ್ತಿಗೆ ಫೋನ್ ಮಾಡ್ರಿ. ನಿಮ್ಮ ದನಿ ಕೇಳಿದ ಮ್ಯಾಲೆ ಊಟಾ ಮಾಡತೇನಿ."

"ಆತು" ಅಂದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಇನ್ನೊಬ್ಬರ ದುಡ್ಡಿನ ಲೆಕ್ಕ ಬರೆದವನು ನಾನು. ಒಂದು ಫೋನು ಮಾಡುವ ಮಾತು ತಪ್ಪೀತೆ?

ಗುಂಜಿ ಎಲ್ಲಿದೆ ಎಂದು ಕೇಳುವವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಬೆಳಗಾವಿಯಿಂದ ರೈಲಿನಲ್ಲಿ ಹೊರಟರೆ ಖಾನಾಪುರ ದಾಟಿದ ಮೇಲೆ, ಲೋಂಡಾ ಇನ್ನೂ ಮುಂದಿರುವಾಗ ಒಂದು ಸಣ್ಣ ಸ್ಟೇಷನ್ನು ಬರುತ್ತದೆ. ಅದೇ ನಮ್ಮೂರು. ಮಾವುಲಿ ದೇವಿಯ ಗುಡಿ, ಭತ್ತದ ಗದ್ದೆ, ಸುತ್ತ ಕಾಡು. ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ. ನಮ್ಮ ಮನೆಯ ಹಿತ್ತಲಿನಿಂದ ರೈಲು ಹಳಿ ದೂರವಿಲ್ಲವಾದ್ದರಿಂದ ನಮಗೆ ಗಡಿಯಾರ ಅಷ್ಟೇನೂ ಬೇಕಾಗುವುದಿಲ್ಲ. ಯಾವ ಗಾಡಿ ಕೂಗಿದರೆ ಹಾಲು ಕಾಯಿಸಬೇಕು, ಯಾವ ಗಾಡಿ ಹೋದರೆ ಮಲಗಬೇಕು ಎಂಬುದು ನಮ್ಮಾಕಿಗೆ ಬಾಯಿಪಾಠ.

ಅವಳೂ ನನ್ನ ಜೊತೆ ಬರಬೇಕಿತ್ತು. ಮೊಣಕಾಲು ನೋವು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕೊಟ್ಟಿಗೆಯಲ್ಲಿ ಆಕಳು ಗಬ್ಬವಿತ್ತು, ಇವತ್ತೋ ನಾಳೆಯೋ ಎನ್ನುವ ಹಾಗಿತ್ತು. "ನೀವು ಹೋಗಿ ಬರ್ರಿ. ಕೂಸು ಮೂರು ವರ್ಷದಿಂದ ಅಜ್ಜಾ ಅಜ್ಜಾ ಅಂತ ಕರಿಯಾಕತ್ತೈತಿ" ಅಂದಳು. ಕೂಸು ಎಂದರೆ ಲಂಡನ್ನಿನಲ್ಲಿರುವ ನಮ್ಮ ಮೊಮ್ಮಗಳು. ಏಳು ವರ್ಷ. ನಾವು ಪುಟ್ಟಿ ಅನ್ನುತ್ತೇವೆ.

ಹೋದ ವರ್ಷ ನನಗೆ ಎದೆನೋವು ಬಂದು ಎಂಟು ದಿನ ಬೆಳಗಾವಿಯ ಆಸ್ಪತ್ರೆಯಲ್ಲಿದ್ದೆ. ಆ ಎಂಟು ದಿನ ಅವಳು ಹೊರಗಿನ ಬೆಂಚಿನ ಮೇಲೆ ಹೇಗೆ ಕಳೆದಳೋ ನನಗೆ ಗೊತ್ತಿಲ್ಲ, ಅವಳೂ ಹೇಳಿಲ್ಲ. ಅಂಥವಳು ಕೇಳಿದ್ದು ಒಂದು ಫೋನು.

ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ಹತ್ತು ತಾಸಿಗೂ ಮೀರಿ ಆಕಾಶ. ಡಿಸೆಂಬರ್ 24ರ ಸಂಜೆ ಹೀಥ್ರೂದಲ್ಲಿ ಇಳಿದೆ. ಚೀಲದಲ್ಲಿ ಶೇಂಗಾ ಹೋಳಿಗೆ ಇದ್ದವು. ಬೆಳಗಾವಿಯ ಕುಂದಾ ಒಯ್ಯಬೇಕೆಂದು ಬಹಳ ಆಸೆಯಿತ್ತು. ಆದರೆ ನಮ್ಮ ದೇಶದಿಂದ ಹಾಲಿನ ಪದಾರ್ಥ ಆ ದೇಶದೊಳಗೆ ತರುವಂತಿಲ್ಲ ಎಂದು ಅಳಿಯ ಮೊದಲೇ ಹೇಳಿದ್ದ. ಹಾಲು ಕಾಸಿ ಕಾಸಿ ಕೆಂಪಾದ ಮೇಲೂ ಅದು ಹಾಲೇ ಅಲ್ಲವೆ! ಕುಂದಾ ಬೆಳಗಾವಿಯಲ್ಲೇ ಉಳಿಯಿತು.

ವಿಮಾನ ನಿಲ್ದಾಣದ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಚಳಿಗೆ ನಮ್ಮ ಕಡೆ ಹೆಸರಿಲ್ಲ. ಖಾನಾಪುರದಲ್ಲೂ ಡಿಸೆಂಬರಿನಲ್ಲಿ ಚಳಿ ಬೀಳುತ್ತದೆ, ಬೆಳಿಗ್ಗೆ ತರಗು ಕೂಡಿಸಿ ಬೆಂಕಿ ಕಾಯಿಸುತ್ತೇವೆ. ಆ ಚಳಿ ಮೈಮೇಲೆ ಬಂದು ಕೂಡುತ್ತದೆ. ಇದು ಒಳಗೆ ಹೊಗುತ್ತದೆ. ಮಂಕಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೆ. ಪುಟ್ಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಾ, ನೀ ಕಳ್ಳನಂಗ ಕಾಣಸ್ತಿ" ಅಂದಳು. ಫೋನಿನ ಪರದೆಯಲ್ಲಿ ನೋಡಿದ್ದಕ್ಕಿಂತ ಒಂದು ಗೇಣು ಎತ್ತರವಿದ್ದಳು.

ಮುಟ್ಟಿದ ಸುದ್ದಿಯನ್ನು ಮಗಳು ಅಲ್ಲಿಂದಲೇ ಗುಂಜಿಗೆ ಬರೆದು ಕಳಿಸಿದಳು. ಆಗ ಗುಂಜಿಯಲ್ಲಿ ನಡುರಾತ್ರಿ. ನಮ್ಮಾಕಿಯ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಪರದೇಶದ ಮಾತೆಲ್ಲ ನೆರೆಮನೆಯ ಹುಡುಗನ ಫೋನಿನಲ್ಲಿ. ಬೆಳಗಾದ ಮೇಲೆ ಅವನು ಓದಿ ಹೇಳಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಫೋನು ತರಬೇಕು. ಹೀಗೆಂದು ಮಾತಾಗಿತ್ತು.

ಈಗ ಮಕ್ಕಳೇ, ಒಂದು ಸಣ್ಣ ಲೆಕ್ಕ. ಭೂಮಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗಲು 24 ಗಂಟೆ. ಹಾಗಾದರೆ ಒಂದು ಡಿಗ್ರಿಗೆ ಎಷ್ಟು? ನಾಲ್ಕು ನಿಮಿಷ. ನಮ್ಮ ಭಾರತದ ಗಡಿಯಾರಗಳೆಲ್ಲ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖೆಗೆ ಸರಿಯಾಗಿ ನಡೆಯುತ್ತವೆ. ಲಂಡನ್ನಿನ ಗ್ರೀನಿಚ್ ಸೊನ್ನೆ ಡಿಗ್ರಿ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಹಲವು ದೇಶದವರು ಕೂಡಿ ಆ ಸೊನ್ನೆಯನ್ನು ಗೊತ್ತುಮಾಡಿದರು. ಎಂಬತ್ತೆರಡೂವರೆಯನ್ನು ನಾಲ್ಕರಿಂದ ಗುಣಿಸಿ: 330 ನಿಮಿಷ. ಐದೂವರೆ ತಾಸು ನಾವು ಮುಂದೆ. ಬೇಸಿಗೆಯಲ್ಲಿ ಅವರು ತಮ್ಮ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ಆಗ ನಾಲ್ಕೂವರೆ. ಚಳಿಗಾಲದಲ್ಲಿ ಐದೂವರೆ.

ಡಿಸೆಂಬರ್ ಕೊನೆಗೆ ಗುಂಜಿಯಲ್ಲಿ ಸೂರ್ಯ ಮುಳುಗುವುದು ಸಂಜೆ ಆರು ದಾಟಿದ ಮೇಲೆ. ನಮ್ಮಾಕಿ ದೀಪ ಹಚ್ಚುವುದು ಆರೂಕಾಲಿಗೆ. ಅದರಲ್ಲಿ ಐದೂವರೆ ಕಳೆದರೆ ಲಂಡನ್ನಿನ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ವಿಮಾನದಲ್ಲೇ ಈ ಲೆಕ್ಕ ಹಾಕಿ ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ನನ್ನ ಕೈಗಡಿಯಾರ ಹಳೆಯ ಎಚ್‌ಎಂಟಿ, ಕೀಲಿ ಕೊಡುವಂಥದ್ದು. ಅದನ್ನು ಲಂಡನ್ನಿನ ಹೊತ್ತಿಗೆ ತಿರುಗಿಸಲಿಲ್ಲ. ಗೋಡೆಯ ಮೇಲೆ ಅವರ ಹೊತ್ತು ಇರುತ್ತದೆ, ಕೈಯಲ್ಲಿ ನಮ್ಮ ಹೊತ್ತು ಇರಲಿ ಎಂದುಕೊಂಡೆ.

ಮಗಳ ಮನೆ ಥೇಮ್ಸ್ ನದಿಯ ದಕ್ಷಿಣಕ್ಕೆ, ಕೆನ್ನಿಂಗ್ಟನ್ ಎಂಬಲ್ಲಿ, ಮೊದಲ ಮಹಡಿಯಲ್ಲಿ. ಹತ್ತು ಗಂಟೆಗೆ ಹಾಸಿಗೆಗೆ ಬಿದ್ದವನಿಗೆ ಒಮ್ಮೆಲೇ ಎಚ್ಚರವಾಯಿತು. ಮೈಯೆಲ್ಲ ಹಗುರ. ಕೈಗಡಿಯಾರದಲ್ಲಿ ಆರೂ ನಲವತ್ತು. ಗೋಡೆಯ ಗಡಿಯಾರದಲ್ಲಿ ರಾತ್ರಿ ಒಂದೂ ಹತ್ತು. ಹೊಟ್ಟೆ ಚಹಾ ಕೇಳುತ್ತಿತ್ತು, ಚಹಾದ ಜೊತೆ ಏನಾದರೂ ಕೇಳುತ್ತಿತ್ತು.

ಸದ್ದಾಗದಂತೆ ಹೊರಗಿನ ಕೋಣೆಗೆ ಬಂದೆ. ಅಲ್ಲಿ ಸಣ್ಣ ಕ್ರಿಸ್‌ಮಸ್ ಗಿಡದ ಪಕ್ಕ ಒಂದು ತಟ್ಟೆ. ತಟ್ಟೆಯಲ್ಲಿ ಒಂದು ಲೋಟ ಹಾಲು, ಸಣ್ಣ ಕಜ್ಜಾಯದಂಥ ಒಂದು ತಿಂಡಿ, ಒಂದು ಗಜ್ಜರಿ. ನನ್ನ ಕಣ್ಣು ತುಂಬಿ ಬಂದವು. ಅಪ್ಪನಿಗೆ ಅಪರಾತ್ರಿ ಹಸಿವಾದೀತು ಎಂದು ಮಗಳು ಎಷ್ಟು ನೆನಪಿಟ್ಟು ತೆಗೆದಿಟ್ಟಿದ್ದಾಳೆ! ಹಾಲು ಕುಡಿದೆ. ತಿಂಡಿ ತಿಂದೆ, ಒಳಗೆ ಒಣದ್ರಾಕ್ಷಿಯ ಹೂರಣ, ಚೆನ್ನಾಗಿತ್ತು. ಗಜ್ಜರಿ ಯಾಕೆ ಎಂದು ತಿಳಿಯಲಿಲ್ಲ. ಆದರೂ ಪ್ರೀತಿಯಿಂದ ಇಟ್ಟದ್ದು ಎಂದು ಅರ್ಧ ಕಡಿದೆ. ಹಲ್ಲು ಅಷ್ಟಕ್ಕೇ ಸಾಕು ಅಂದವು.

ಬೆಳಿಗ್ಗೆ ಪುಟ್ಟಿಯ ಕೂಗಿಗೆ ಮನೆಯೆಲ್ಲ ಎದ್ದಿತು. "ಬಂದಿದ್ದ! ಫಾದರ್ ಕ್ರಿಸ್‌ಮಸ್ ಬಂದಿದ್ದ! ಹಾಲು ಕುಡದಾನ! ರೈನ್‌ಡೀರ್ ಗಜ್ಜರಿ ತಿಂದೈತಿ, ಇಲ್ಲಿ ನೋಡ್ರಿ ಹಲ್ಲಿನ ಗುರುತು!"

ನಾನು ಮಗಳ ಮುಖ ನೋಡಿದೆ. ಅವಳು ಅಳಿಯನ ಮುಖ ನೋಡಿದಳು. ಅಳಿಯ ಛಾವಣಿ ನೋಡಿದ. ಅಲ್ಲಿಯ ಮಕ್ಕಳು ಹಬ್ಬದ ಹಿಂದಿನ ರಾತ್ರಿ ಉಡುಗೊರೆ ತರುವ ಅಜ್ಜನಿಗೆ ಹಾಲು, ತಿಂಡಿ, ಅವನ ಬಂಡಿ ಎಳೆಯುವ ಹಿಮಸಾರಂಗಕ್ಕೆ ಗಜ್ಜರಿ ಇಟ್ಟು ಮಲಗುತ್ತಾರಂತೆ. ಬೆಳಕು ಹರಿಯುವುದರೊಳಗೆ ಅದನ್ನು ತಿಂದು ಮುಗಿಸುವುದು ಮನೆಯ ತಂದೆಯ ಕೆಲಸ. ಆ ಸಲ ಅಜ್ಜನೇ ಮಾಡಿಬಿಟ್ಟಿದ್ದ. ಪುಟ್ಟಿಗೆ ಇನ್ನೂ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ತಿಂಡಿಯ ಹೆಸರು ಮಿನ್ಸ್ ಪೈ ಎಂದು ಕೇಳಿ ನನಗೆ ಗಾಬರಿಯಾಯಿತು. ಬೆಳಗಾವಿಯ ಕ್ಯಾಂಪಿನಲ್ಲಿ ಹೋಟೆಲ್ ಬೋರ್ಡು ಓದಿದವನಿಗೆ ಮಿನ್ಸ್ ಎಂದರೆ ಏನೆಂದು ಗೊತ್ತು. "ಹಿಂದಿನ ಕಾಲದಾಗ ಮಾಂಸ ಹಾಕ್ತಿದ್ರು ಅಪ್ಪಾ, ಈಗ ಬರೇ ಹಣ್ಣು. ಹೆಸರು ಹಂಗ ಉಳದೈತಿ. ಕೆಲವರು ಪ್ರಾಣಿ ಕೊಬ್ಬು ಹಾಕ್ತಾರ, ನಾವು ಸಸ್ಯಾಹಾರದ್ದ ನೋಡಿ ತರತೇವಿ" ಎಂದು ಮಗಳು ಸಮಾಧಾನ ಮಾಡಿದಳು. ನಮ್ಮ ಬ್ಯಾಂಕಿನ ಹೆಡ್ ಕ್ಯಾಶಿಯರು ಗೋವೆಯ ಕಡೆಯ ಕ್ರೈಸ್ತರು. ಪ್ರತಿ ಡಿಸೆಂಬರಿನಲ್ಲಿ ಡಬ್ಬಿ ತುಂಬ ನೇವ್ರಿ, ಕುಲ್‌ಕುಲ್ ತರುತ್ತಿದ್ದರು. ಕ್ರಿಸ್‌ಮಸ್ ಎಂದರೆ ನನಗೆ ಇಷ್ಟು ವರ್ಷ ಆ ಡಬ್ಬಿಯೇ ಆಗಿತ್ತು.

ಎಂಟು ಗಂಟೆ ದಾಟಿದ ಮೇಲೆ ಸೂರ್ಯ ಹುಟ್ಟಿದ. ಒಂಬತ್ತೂವರೆಗೆ ನಾನು, ಮಗಳು, ಪುಟ್ಟಿ ತಿರುಗಾಡಲು ಹೊರಟೆವು. ಅಳಿಯ ಅಡುಗೆಗೆ ನಿಂತ. ಬಸ್ಸಿನಲ್ಲಿ ಹೋಗೋಣ ಅಂದೆ. ಮಗಳು ನಕ್ಕಳು. ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಬಸ್ಸಿಲ್ಲ, ರೈಲಿಲ್ಲ. ಜಗತ್ತಿನಲ್ಲೇ ಮೊದಲು ನೆಲದ ಕೆಳಗೆ ರೈಲು ಓಡಿಸಿದ ಊರು ಅದು, 1863ರಲ್ಲಿ. ಆ ರೈಲೂ ಅವತ್ತು ಮಲಗಿರುತ್ತದೆ. ಅಂಗಡಿಗಳ ಬಾಗಿಲು ಹಾಕಿತ್ತು. ಅಷ್ಟು ದೊಡ್ಡ ಪಟ್ಟಣದಲ್ಲಿ ನಮ್ಮ ಮೂವರ ಬೂಟಿನ ಸದ್ದು ನಮಗೇ ಕೇಳುತ್ತಿತ್ತು. ಗುಂಜಿಯಲ್ಲೂ ಇಷ್ಟು ಶಾಂತಿ ಇರುವುದಿಲ್ಲ. ಅಲ್ಲಿ ಒಂದು ನಾಯಿಯಾದರೂ ಬೊಗಳುತ್ತದೆ, ಗಾಡಿಯಾದರೂ ಕೂಗುತ್ತದೆ.

ಎದುರಿಗೆ ಬಂದವರು ಯಾರಾದರೂ ಸರಿ, ಗುರುತಿಲ್ಲದಿದ್ದರೂ "ಮೆರಿ ಕ್ರಿಸ್‌ಮಸ್" ಅನ್ನುತ್ತಿದ್ದರು. ಬೇರೆ ದಿನ ಲಂಡನ್ನಿನವರು ಹಾಗೆ ಮಾತಾಡಿಸುವುದಿಲ್ಲವಂತೆ. ನಾನು ಎಲ್ಲರಿಗೂ ಕೈ ಮುಗಿದೆ. ಮುದುಕನೊಬ್ಬ ನನ್ನ ಮಂಕಿ ಟೋಪಿಯನ್ನು ಆಸೆಯಿಂದ ನೋಡಿದ ಹಾಗೆ ಅನ್ನಿಸಿತು.

ಮೊದಲು ಹೋದದ್ದು ಬಸವಣ್ಣನವರನ್ನು ನೋಡಲು. ಥೇಮ್ಸ್ ದಂಡೆಯಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ದಾರಿ ಇದೆ. ಲ್ಯಾಂಬೆತ್ ಸೇತುವೆಯ ಹತ್ತಿರದ ತೋಟದಲ್ಲಿ ಬಸವೇಶ್ವರರ ಪುತ್ಥಳಿ. 2015ರ ನವೆಂಬರ್ 14ರಂದು ನಮ್ಮ ಪ್ರಧಾನಿ ಅದನ್ನು ಅನಾವರಣ ಮಾಡಿದರು. ಅದಕ್ಕಾಗಿ ಓಡಾಡಿದವರು ಕಲಬುರಗಿ ಕಡೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರು. ನದಿಯ ಆಚೆ ದಂಡೆಯಲ್ಲಿ ಇಂಗ್ಲೆಂಡಿನ ಸಂಸತ್ತು, ಈಚೆ ದಂಡೆಯಲ್ಲಿ ಅನುಭವ ಮಂಟಪದ ಬಸವಣ್ಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಚಮ್ಮಾರ, ಅಂಬಿಗ, ಹೆಣ್ಣುಮಕ್ಕಳು ಎಲ್ಲರನ್ನೂ ಕೂಡಿಸಿಕೊಂಡು ಮಾತಾಡಿದವರು. ಅವರಿಗೆ ಆ ಜಾಗ ಒಪ್ಪುತ್ತದೆ.

ನಾನು ಬೂಟು ಬಿಚ್ಚಿ ನಮಸ್ಕಾರ ಮಾಡಿದೆ. ನೆಲ ಮಂಜುಗಡ್ಡೆಯ ಹಾಗಿತ್ತು. "ಅಜ್ಜಾ, ಮೂರು ಡಿಗ್ರಿ ಐತಿ!" ಎಂದು ಪುಟ್ಟಿ ಕಿರುಚಿದಳು. ಬಿಚ್ಚುವುದು ಅರ್ಧ ನಿಮಿಷ, ಮರಗಟ್ಟಿದ ಬೆರಳಿನಿಂದ ಲೇಸು ಕಟ್ಟುವುದು ಐದು ನಿಮಿಷ. ಕೊನೆಗೆ ಪುಟ್ಟಿಯೇ ಕೂತು ಕಟ್ಟಿದಳು. ಅವಳು ಎರಡು ಕಿವಿ ಮಾಡಿ ಗಂಟು ಹಾಕುವ ರೀತಿ ಅವಳ ಅಮ್ಮನಿಗೆ ನಾನು ಕಲಿಸಿದ್ದು.

ಸೇತುವೆ ದಾಟಿ, ಬಿಗ್ ಬೆನ್ ಗಡಿಯಾರದ ಕೆಳಗೆ ಹಾದು, ಟ್ರಫಾಲ್ಗರ್ ಚೌಕಕ್ಕೆ ಬಂದೆವು. ಪುಟ್ಟಿ ನನಗೆ ತೋರಿಸಬೇಕೆಂದು ಮೂರು ವರ್ಷದಿಂದ ಹೇಳುತ್ತಿದ್ದ ಮರ ಅಲ್ಲಿತ್ತು. ಇಪ್ಪತ್ತು ಮೀಟರಿಗೂ ಎತ್ತರದ ಸ್ಪ್ರೂಸ್ ಮರ, ಮೇಲಿಂದ ಕೆಳಗೆ ನೆಟ್ಟಗೆ ಇಳಿಬಿಟ್ಟ ದೀಪದ ಸಾಲು. ನಿಜ ಹೇಳಬೇಕೆಂದರೆ ನನಗೆ ಅದು ಸ್ವಲ್ಪ ಬಡಕಲು ಅನ್ನಿಸಿತು. ಗಾಂಭೀರ್ಯದಲ್ಲಿ ನಮ್ಮ ಗುಡಿಗಳ ಮುಂದಿನ ದೀಪಮಾಲೆ ಕಂಬಕ್ಕೆ ಸಮವಲ್ಲ. ಲಂಡನ್ನಿನವರೂ ಕೆಲವು ವರ್ಷ ಮರ ಬಡವಾಗಿದೆ ಎಂದು ನಗುವುದುಂಟಂತೆ.

ಆದರೆ ಅದರ ಕಥೆ ಕೇಳಿದ ಮೇಲೆ ನನ್ನ ಮಾತು ಹಿಂದೆ ತೆಗೆದುಕೊಂಡೆ. ಪುಟ್ಟಿ ತನ್ನ ಕನ್ನಡದಲ್ಲಿ ಹೇಳಿದಳು: "ಯುದ್ಧ ಆತು. ನಾರ್ವೆ ರಾಜಾ ಓಡಿ ಲಂಡನ್‌ಗೆ ಬಂದ. ಇವರು ಮನಿ ಕೊಟ್ರು. ಅದಕ್ಕ ನಾರ್ವೆ ಥ್ಯಾಂಕ್ಯೂ ಅಂತ ಮರ ಕಳಸ್ತದ." ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ನಾರ್ವೆಯನ್ನು ಹಿಡಿದಾಗ ಅಲ್ಲಿಯ ದೊರೆ ಹಾಕೊನ್ ಲಂಡನ್ನಿಗೆ ಬಂದು ಅಲ್ಲಿಂದಲೇ ತನ್ನ ಜನರಿಗೆ ಧೈರ್ಯ ಹೇಳುತ್ತಿದ್ದ. ಆ ನೆನಪಿಗೆ 1947ರಿಂದ ಪ್ರತಿ ವರ್ಷ ಓಸ್ಲೋ ಊರಿನವರು ತಮ್ಮ ಕಾಡಿನ ಒಂದು ಮರವನ್ನು ಹಡಗಿನಲ್ಲಿ ಕಳಿಸುತ್ತಾರೆ. ಉಪಕಾರ ಮಾಡಿದವರೂ ಮಾಡಿಸಿಕೊಂಡವರೂ ಹೋಗಿ ಎಷ್ಟೋ ವರ್ಷವಾಯಿತು. ಮರ ಬರುವುದು ನಿಂತಿಲ್ಲ. 1947 ನಮಗೂ ನೆನಪಿಡುವ ವರ್ಷವೇ.

"ಪ್ರತಿ ವರ್ಷಾನೂ?" ಅಂದೆ.

"ಪ್ರತಿ ವರ್ಷಾನೂ. ಅವರು ಪ್ರಾಮಿಸ್ ಮಾಡ್ಯಾರ ಅಜ್ಜಾ" ಅಂದಳು.

ಪ್ರಾಮಿಸ್ ಅಂದ ಕೂಡಲೇ ಕೈಗಡಿಯಾರ ನೋಡಿಕೊಂಡೆ. ಗುಂಜಿಯಲ್ಲಿ ಐದು. ಇನ್ನೂ ಸಾಕಷ್ಟು ಹೊತ್ತಿದೆ.

ತಿರುಗಿ ಬರುವಾಗ ಸೇತುವೆಯ ಮೇಲೆ ಮೋಡ ಸರಿದು ಬಿಸಿಲು ಬಿತ್ತು. ಸರಿಯಾಗಿ ಮಧ್ಯಾಹ್ನ ಹನ್ನೆರಡು. ನನ್ನ ನೆರಳು ನೋಡಿ ನಿಂತೆ. ನನಗಿಂತ ಮೂರು ಪಟ್ಟಿಗೂ ಉದ್ದ! ನಮ್ಮೂರಲ್ಲಿ ನೆರಳು ಇಷ್ಟು ಉದ್ದವಾಗುವುದು ದನ ಮನೆಗೆ ತಿರುಗುವ ಹೊತ್ತಿಗೆ. ಆ ತಿಂಗಳಲ್ಲಿ ಲಂಡನ್ನಿನ ಸೂರ್ಯ ನಡುಮಧ್ಯಾಹ್ನದಲ್ಲೂ ದಿಗಂತದಿಂದ ಹದಿನೈದು ಡಿಗ್ರಿ ಮಾತ್ರ ಮೇಲೇರುತ್ತಾನೆ. ಗುಂಜಿಯಲ್ಲಿ ಐವತ್ತೊಂದು. ಭೂಮಿ ಓರೆಯಾಗಿ ನಿಂತಿರುವುದರಿಂದ ಡಿಸೆಂಬರಿನಲ್ಲಿ ಉತ್ತರದ ಊರುಗಳು ಸೂರ್ಯನಿಗೆ ಬೆನ್ನು ಮಾಡಿದಂತೆ ಇರುತ್ತವೆ. ಶಾಲೆಯಲ್ಲಿ ಗ್ಲೋಬ್ ಇದ್ದರೆ ಗುರುಗಳಿಗೆ ಕೇಳಿ, ತೋರಿಸುತ್ತಾರೆ. ಲಂಡನ್ನಿಗೆ ಆಗ ಹಗಲು ಎಂಟು ತಾಸೂ ತುಂಬುವುದಿಲ್ಲ.

ನೆರಳು ಸಂಜೆ ಎಂದಿತು. ಕೈಗಡಿಯಾರ ಸಂಜೆ ಎಂದಿತು. ಕಣ್ಣು ಎಳೆಯತೊಡಗಿತು.

ಮನೆ ಮುಟ್ಟಿದಾಗ ಹನ್ನೆರಡೂವರೆ. ಇನ್ನು ಹದಿನೈದು ನಿಮಿಷ. ಬೂಟು ಬಿಚ್ಚಲು ಸೋಫಾದ ಮೇಲೆ ಕೂತೆ. ಮನೆಯೊಳಗೆ ಬೆಚ್ಚಗಿತ್ತು. ಗೋಡೆಗೆ ಹಚ್ಚಿದ ಬಿಸಿನೀರಿನ ಕೊಳವೆಗಳಿಂದ ಶಾಖ ಬರುತ್ತಿತ್ತು. ಅಡುಗೆಮನೆಯಿಂದ ಪಲಾವಿನ ವಾಸನೆ.

ಹನ್ನೆರಡೂ ಮುಕ್ಕಾಲಿಗೆ ಸರಿಯಾಗಿ ನಮ್ಮಾಕಿಗೆ ಫೋನು ಮಾಡಿದೆ. ಮರದ ಸುದ್ದಿ ಹೇಳಿದೆ. ಬಸವಣ್ಣನವರ ಸುದ್ದಿ ಹೇಳಿದೆ. "ಆಕಳು ಈದೈತಿ, ಹೆಣ್ಣು ಕರ" ಅಂದಳು. ಬಹಳ ಸಂತೋಷವಾಯಿತು.

ಎಚ್ಚರವಾದಾಗ ಗವ್ವೆನ್ನುವ ಕತ್ತಲೆ. ಮೈಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಮನೆಯಲ್ಲಿ ಒಂದು ಸದ್ದಿಲ್ಲ. ಗೋಡೆಯ ಗಡಿಯಾರ ನಾಲ್ಕೂ ನಲವತ್ತು ತೋರಿಸುತ್ತಿತ್ತು. ನನ್ನ ಕೈಗಡಿಯಾರದಲ್ಲಿ ಹತ್ತೂ ಹತ್ತು. ನಾಲ್ಕೂ ನಲವತ್ತಕ್ಕೆ ಐದೂವರೆ ಕೂಡಿಸಿದೆ. ಹತ್ತೂ ಹತ್ತು. ಲೆಕ್ಕ ತಾಳೆಯಾಯಿತು. ಸೋಫಾದಲ್ಲೇ ರಾತ್ರಿಯೆಲ್ಲ ಮಲಗಿಬಿಟ್ಟೆನಲ್ಲ, ಪಾಪ, ಎಬ್ಬಿಸಬಾರದೆಂದು ಬಿಟ್ಟಿದ್ದಾರೆ ಅಂದುಕೊಂಡೆ. ಬೆಳಗಿನ ಜಾವ, ಏಳಲು ಒಳ್ಳೆಯ ಹೊತ್ತು.

ಬಿಸಿನೀರಿನ ಸ್ನಾನ ಮಾಡಿದೆ. ವಿಭೂತಿ ಹಚ್ಚಿಕೊಂಡೆ. ಮಗಳು ಪುಸ್ತಕದ ಕಪಾಟಿನ ಒಂದು ಖಾನೆಯಲ್ಲಿ ದೇವರನ್ನು ಇಟ್ಟಿದ್ದಾಳೆ. ದೀಪ ಹಚ್ಚಿ, ಮೂರು ಊದಿನಕಡ್ಡಿ ಹಚ್ಚಿ, ಕರ್ಪೂರ ಬೆಳಗಿದೆ. ಬೆಳಗುವುದು ಮುಗಿದಿರಲಿಲ್ಲ, ತಲೆಯ ಮೇಲೆ ಛಾವಣಿಯಿಂದ ಕೀಂ ಕೀಂ ಕೀಂ ಎಂದು ಎಂಥದೋ ಒದರಲು ಸುರು ಮಾಡಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ನಾನು ಕರ್ಪೂರದ ಆರತಿ ಹಿಡಿದುಕೊಂಡೇ ಅದನ್ನು ಸುಮ್ಮನಿರಿಸುವ ಗುಂಡಿ ಹುಡುಕುತ್ತ ಕೋಣೆಯೆಲ್ಲ ತಿರುಗಿದೆ. ಹೊಗೆ ಇನ್ನೂ ಹರಡಿತು. ಅದು ಇನ್ನೂ ಜೋರಾಗಿ ಒದರಿತು.

ಧಡಧಡ ಮೆಟ್ಟಿಲು ಹತ್ತಿ ಮೂವರೂ ಬಂದರು. ಅವರು ಕೆಳಗಿನ ಮನೆಯಲ್ಲಿದ್ದರು. ಅಲ್ಲಿ ಒಬ್ಬಳೇ ಇರುವ ಇಂಗ್ಲಿಷ್ ಅಜ್ಜಿಗೆ ಶೇಂಗಾ ಹೋಳಿಗೆ ಕೊಟ್ಟು ಅವಳ ಜೊತೆ ಚಹಾ ಕುಡಿಯುತ್ತಿದ್ದರಂತೆ. ಅಳಿಯ ಟವೆಲ್ ಬೀಸಿ ಯಂತ್ರದ ಬಾಯಿ ಮುಚ್ಚಿಸಿದ. ಹಸಿ ತಲೆ, ಹಣೆಗೆ ವಿಭೂತಿ, ಕೈಯಲ್ಲಿ ಆರತಿ ಹಿಡಿದು ನಾನು "ಗುಡ್ ಮಾರ್ನಿಂಗ್" ಅಂದೆ.

ಪುಟ್ಟಿ ನೆಲದ ಮೇಲೆ ಬಿದ್ದು ನಕ್ಕಳು. "ಅಜ್ಜಾ, ಇನ್ನೂ ಕ್ರಿಸ್‌ಮಸ್ ಮುಗದಿಲ್ಲ! ಇದು ಸಂಜೀ!"

ಅವತ್ತು ಸೂರ್ಯ ನಾಲ್ಕು ಗಂಟೆಗೂ ಮೊದಲೇ ಮುಳುಗಿದ್ದ. ಹನ್ನೆರಡು ಅಂಕಿಯ ಗಡಿಯಾರಗಳು ಎರಡೂ ಸೇರಿ ನನಗೆ ಮೋಸ ಮಾಡಿದ್ದವು. ಬಿ.ಕಾಂ. ಓದುವಾಗ ಮೊದಲ ವರ್ಷವೇ ಕಲಿಸುತ್ತಾರೆ: ತಾಳೆಪಟ್ಟಿ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ, ಎರಡೂ ಕಡೆ ಒಂದೇ ತಪ್ಪು ಇರಬಹುದು. ಅದನ್ನು ಹೇಳಿ ನಾನೂ ನಕ್ಕೆ.

"ಅವ್ವನ ಜೋಡಿ ಮಾತಾಡೀರಿಲ್ಲೋ ಅಪ್ಪಾ?" ಮಗಳು ಕೇಳಿದಳು.

"ಹನ್ನೆರಡೂ ಮುಕ್ಕಾಲಿಗೆ ಮಾತಾಡಿದೆನಲ್ಲ. ಆಕಳು ಈದೈತಿ. ಹೆಣ್ಣು ಕರ."

"ಯಾವ ಫೋನಿಂದ?"

ನನ್ನ ಫೋನಿಗೆ ಅಲ್ಲಿಯ ಸಿಮ್ ಇನ್ನೂ ಹಾಕಿರಲಿಲ್ಲ. ಮಾತಾಡುವುದಿದ್ದರೆ ಮಗಳ ಫೋನಿನಿಂದಲೇ. ಮಗಳ ಫೋನು ಬೆಳಿಗ್ಗೆ ತಿರುಗಾಡಲು ಹೋಗಿದ್ದ ಕೋಟಿನ ಜೇಬಿನಲ್ಲಿ, ರಾತ್ರಿ ಸದ್ದು ತೆಗೆದಿಟ್ಟದ್ದು ಹಾಗೇ ಇತ್ತು. ನಾನು ದಾರಿಯಲ್ಲಿ ಮಾತಾಡಿರಬೇಕು ಎಂದು ಅಳಿಯ, ಮಲಗುವ ಮೊದಲು ಮಾತಾಡಿರಬೇಕು ಎಂದು ಮಗಳು ಅಂದುಕೊಂಡಿದ್ದರು. ನಾನು ಕನಸಿನಲ್ಲಿ ಮಾತಾಡಿದ್ದೆ. ಗುಂಜಿಯಿಂದ ಹನ್ನೊಂದು ಸಲ ಫೋನು ಬಂದಿತ್ತು.

ಮಗಳು ಅದನ್ನು ನನಗೆ ತೋರಿಸಿದಾಗ ಆದ ಚಳಿ ಬೆಳಿಗ್ಗೆ ಬರಿಗಾಲಲ್ಲಿ ನಿಂತಾಗಲೂ ಆಗಿರಲಿಲ್ಲ. ಗುಂಜಿಯಲ್ಲಿ ಆಗ ಹತ್ತೂ ನಲವತ್ತು. ಒಂಬತ್ತಕ್ಕೆ ಮಲಗುವವಳು. ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳುವ ಬಿಪಿ ಗುಳಿಗೆ ಇದೆ.

ಮೊದಲ ಸದ್ದಿಗೇ ಎತ್ತಿದಳು.

"ಆರಾಮ ಅದೀರಿ?"

"ಅದೇನಿ. ನಿದ್ದಿ ಹತ್ತಿತ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿದ್ದಿ?" ಅಂದಳು. "ಇಲ್ಲೆ ನನ್ನ ಜೀವಾ ಕೈಯಾಗ ಹಿಡಕೊಂಡು ಕುಂತೇನಿ. ನಿಮಗ ನಿದ್ದಿ."

"ತಪ್ಪಾತು."

ನಲವತ್ತಾರು ವರ್ಷದ ಸಂಸಾರದಲ್ಲಿ ನಾನು ಆ ಮಾತು ಎಷ್ಟು ಸಲ ಅಂದಿದ್ದೇನೆ ಎಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಹೆಚ್ಚಾಗುತ್ತವೆ.

"ಹುಡುಗಾ ಎಂಟಕ್ಕ ಮನಿಗಿ ಹೋದ. ಫೋನ್ ಇಲ್ಲೇ ಬಿಟ್ಟು ಹೋಗ್ಯಾನ, ಹಸರ ಗುಂಡಿ ತೋರಿಸ್ಯಾನ. ದೀಪಕ್ಕ ಮೂರು ಸಲ ಎಣ್ಣಿ ಹಾಕೇನಿ, ಇನ್ನೂ ಉರಿಯಾಕತ್ತೈತಿ."

"ಉಂಡಿಯೇನು?"

"ಹೆಂಗ ಉಣ್ಣಲಿ?"

ನಾನೂ ಮಧ್ಯಾಹ್ನದ ಊಟ ಮಾಡಿರಲಿಲ್ಲ. ಮಗಳು ತಟ್ಟೆ ತಂದು ಕೊಟ್ಟಳು. ಅಲ್ಲಿ ನಮ್ಮಾಕಿ ಫೋನನ್ನು ದೀಪದ ಪಕ್ಕ ಗೋಡೆಗೆ ಆನಿಸಿ, ಅನ್ನ, ಹುರುಳಿ ಸಾರು ಬಡಿಸಿಕೊಂಡು ಕೂತಳು. ಪರದೆಯಲ್ಲಿ ಅವಳ ಅರ್ಧ ಮುಖ, ದೀಪದ ಕುಡಿ ಪೂರ್ತಿ ಕಾಣುತ್ತಿತ್ತು. ಇಬ್ಬರೂ ಉಂಡೆವು. ಗುಳಿಗೆ ನುಂಗುವವರೆಗೂ ನಾನು ಬಿಡಲಿಲ್ಲ.

ಆಮೇಲೆ ಅಳಿಯ ನನಗೆ ತಿಳಿಸಿ ಹೇಳಿದ. ನಮ್ಮ ಮಿದುಳಿನೊಳಗೆ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಗಡಿಯಾರವಿದೆಯಂತೆ. ಕಣ್ಣಿಗೆ ಬೀಳುವ ಬೆಳಕಿನಿಂದ ಅದಕ್ಕೆ ಕೀಲಿ. ಯಾವಾಗ ನಿದ್ದೆ, ಯಾವಾಗ ಎಚ್ಚರ ಎಂದು ಅದೇ ಹೇಳುತ್ತದೆ. ಇಂಥ ಗಡಿಯಾರ ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳಲ್ಲಿ ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂದಿದೆ. ಹಡಗಿನ ಕಾಲದಲ್ಲಿ ತೊಂದರೆ ಇರಲಿಲ್ಲ. ವಾರಗಟ್ಟಲೆ ಪ್ರಯಾಣದಲ್ಲಿ ಹೊತ್ತು ದಿನಕ್ಕೆ ಇಷ್ಟಿಷ್ಟೇ ಸರಿಯುತ್ತಿತ್ತು. ವಿಮಾನ ಮೈಯನ್ನು ಒಂದೇ ದಿನದಲ್ಲಿ ಎತ್ತಿ ಒಗೆಯುತ್ತದೆ. ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ತಾಸಿನಂತೆ ಹಿಂದಿನಿಂದ ನಡೆದು ಬರುತ್ತದೆ. ಇದಕ್ಕೆ ಜೆಟ್ ಲ್ಯಾಗ್ ಅನ್ನುತ್ತಾರೆ. ಅಂದರೆ ಅವತ್ತು ನಾನು ಲಂಡನ್ನಿನಲ್ಲಿದ್ದರೂ ನನ್ನ ನಿದ್ದೆ ಇನ್ನ ಗುಂಜಿಯಲ್ಲೇ ಇತ್ತು.

ಅದನ್ನೇ ನಮ್ಮಾಕಿಗೆ ಹೇಳಿದೆ. "ನಿದ್ದಿ ಇಲ್ಲೆ ಬಿಟ್ಟು ಹೋದ್ರ ನನಗರ ಬರಬೇಕಿತ್ತಲ್ಲ" ಅಂದಳು. ಸಿಟ್ಟು ಇಳಿದಿತ್ತು.

ಪುಟ್ಟಿ ಫೋನು ಕಸಿದುಕೊಂಡು ಕಿಟಕಿಗೆ ಹಿಡಿದಳು. "ಅಜ್ಜೀ ನೋಡು, ಇಲ್ಲೂ ಕತ್ತಲಿ! ಆಕಳಿಗೆ ಕರ ಆತೇನು?"

"ಇಲ್ಲವ್ವಾ, ಇನ್ನೂ ಇಲ್ಲ."

ಅಷ್ಟರಲ್ಲಿ ಫೋನಿನೊಳಗೆ ದೂರದಿಂದ ಉದ್ದಕ್ಕೆ ಒಂದು ಕೂಗು. ರಾತ್ರಿಯ ಗೂಡ್ಸ್ ಗಾಡಿ, ಖಾನಾಪುರದ ಕಡೆಯಿಂದ ಬರುವುದು.

"ಅಜ್ಜೀ, ರೈಲು? ಇಲ್ಲಿ ಇವತ್ತು ಒಂದೂ ರೈಲಿಲ್ಲ!"

ನಮ್ಮಾಕಿ ಮೊಣಕಾಲು ಹಿಡಿದುಕೊಂಡು ಎದ್ದ ಸದ್ದು ಕೇಳಿತು. ಹಿತ್ತಲ ಬಾಗಿಲ ಅಗಳಿ ತೆಗೆದ ಸದ್ದು. ಫೋನನ್ನು ಹೊರಗೆ ಚಾಚಿ ಹಿಡಿದಳು. ಪರದೆ ಪೂರ್ತಿ ಕಪ್ಪು. ಹಳಿಯ ಮೇಲೆ ಡಬ್ಬಿ ಒಂದೊಂದಾಗಿ ಹಾಯತೊಡಗಿದವು. ಪುಟ್ಟಿ ಕಣ್ಣು ಮುಚ್ಚಿ ಸದ್ದಿನ ಮೇಲೇ ಎಣಿಸಿದಳು, ಕನ್ನಡದಲ್ಲಿ. ನಲವತ್ತೊಂದಕ್ಕೆ ಲೆಕ್ಕ ತಪ್ಪಿತು. ಗಾಡಿ ಲೋಂಡಾ ಕಡೆಗೆ ಇನ್ನೂ ಹೋಗುತ್ತಲೇ ಇತ್ತು.